ನೆಲಕ್ಕೂ ದೇಹಕ್ಕೂ ನಡುವೆ

ಕುವೈತ್ ನಗರದ ನೈಋತ್ಯಕ್ಕೆ, ನಾಲ್ಕನೆಯ ಮತ್ತು ಐದನೆಯ ವರ್ತುಲ ರಸ್ತೆಗಳ ನಡುವೆ, ಫರ್ವಾನಿಯಾ ಪ್ರಾಂತಕ್ಕೆ ಸೇರಿದ ರಾಯ್ ಎಂಬ ವಾಣಿಜ್ಯ ಪ್ರದೇಶವೊಂದುಂಟು. 2007ರಲ್ಲಿ ತೆರೆದ ಅವೆನ್ಯೂಸ್ ಎಂಬ ಮಹಾವಿಪಣಿಯ ವೈಭವವೂ, ಹಳೆಯ ರತ್ನಗಂಬಳಿಯಿಂದ ಹಿಡಿದು ಪಂಜರದ ಹಕ್ಕಿಯವರೆಗೆ ಸಕಲ ವಸ್ತುಗಳೂ ಚೌಕಾಸಿಗೆ ಒಳಗಾಗುವ ಶುಕ್ರವಾರದ ಸಂತೆಯ ಕೋಲಾಹಲವೂ ಅಲ್ಲಿ ನೆರೆಹೊರೆಯಾಗಿ ನಡೆದುಬಂದಿವೆ. ಬೇಸಗೆಯ ಉರಿ ಶಮಿಸಿ ನವೆಂಬರಿನ ಮೊದಲ ತಂಗಾಳಿ ಬೀಸಿತೆಂದರೆ ಈ ಪ್ರದೇಶದ ಗುಡಾರದ ಅಂಗಡಿಗಳಿಗೆ ಹೊಸ ಜೀವ ಬರುತ್ತದೆ. ಕ್ಯಾನ್ವಾಸಿನ ದೊಡ್ಡ ಡೇರೆಗಳು, ಕಬ್ಬಿಣದ ಗೂಟಗಳು, ಇದ್ದಿಲಿನ ಒಲೆಗಳು, ನೆಲಹಾಸುಗಳು ಬೀದಿಯಂಚಿನವರೆಗೂ ಹರಡಿಕೊಳ್ಳುತ್ತವೆ. ಸಾಮಾನ್ಯವಾಗಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ, ಪುರಸಭೆಯು ಗೊತ್ತುಪಡಿಸಿದ ಸ್ಥಳಗಳಲ್ಲಿ, ಕುವೈತಿನ ಮನೆತನಗಳು ಮರಳುಗಾಡಿನಲ್ಲಿ ಗುಡಾರ ಹೂಡಿ ವಾಸಿಸುವುದು ಆ ದೇಶದ ಪ್ರಿಯವಾದ ಆಚಾರ. ಪಿತಾಮಹರು ಒಂಟೆಗಳೊಡನೆ ಅಲೆದಾಡಿದ ನೆಲದೊಂದಿಗಿನ ಸಂಬಂಧವನ್ನು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುವ ಈ ಪದ್ಧತಿಯು, ಅಲ್ಲಿ ಉದ್ಯೋಗಾರ್ಥವಾಗಿ ನೆಲಸಿದ ಪರದೇಶದವರಿಗೂ ಮೆಲ್ಲನೆ ಅಂಟಿಕೊಂಡಿದೆ.

ನಮ್ಮವರೂ ಇದಕ್ಕೆ ಹೊರತಲ್ಲ. ಕುವೈತಿನಲ್ಲಿರುವ ಕನ್ನಡಿಗರಲ್ಲಿ ಬಹುಮಂದಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ ಮುಂತಾದ ಕರಾವಳಿಯ ಊರುಗಳಿಂದ ಬಂದವರು. ಕುವೈತ್ ಕನ್ನಡ ಕೂಟ, ತುಳು ಕೂಟ ಮೊದಲಾದ ಸಂಘಗಳ ಮೂಲಕ ಪರಿಚಿತರಾದ ಕುಟುಂಬಗಳು ಚಳಿಗಾಲದ ವಾರಾಂತ್ಯದಲ್ಲಿ ಎರಡು ಮೂರು ಕಾರುಗಳಲ್ಲಿ ಹೊರಟು, ಬಯಲಿನಲ್ಲಿ ಒಲೆ ಹೂಡಿ, ಒಂದು ರಾತ್ರಿ ತಂಗಿ ಬರುವುದುಂಟು. ಹಾಗೆ ಹೊರಡುವವರು ಗುಡಾರವನ್ನು ವಿಚಾರಿಸಿ ಕೊಳ್ಳುತ್ತಾರೆ, ಹೊದಿಕೆಯನ್ನು ಮುಟ್ಟಿ ನೋಡಿ ಆರಿಸುತ್ತಾರೆ, ಮಾಂಸಕ್ಕೂ ಮಸಾಲೆಗೂ ಪಟ್ಟಿ ಬರೆಯುತ್ತಾರೆ. ಆದರೆ ಕೆಳಗೆ ಹಾಸಿಕೊಳ್ಳುವುದೇನೆಂಬ ಪ್ರಶ್ನೆಗೆ ಮಾತ್ರ ಮನೆಯಲ್ಲಿದ್ದ ಯಾವುದೋ ಒಂದು ಚಾಪೆಯೇ ಉತ್ತರವಾಗಿಬಿಡುತ್ತದೆ. ಬಯಲಿನ ನಿದ್ರೆಯ ಸುಖದುಃಖಗಳು ಹೊದಿಕೆಗಿಂತ ಹೆಚ್ಚಾಗಿ ಹಾಸನ್ನೇ ಅವಲಂಬಿಸಿವೆಯೆಂಬುದನ್ನೂ, ಆ ಹಾಸನ್ನು ಮೆತ್ತಗಿದೆಯೆ ಹಗುರಾಗಿದೆಯೆ ಎಂದು ನೋಡುವುದಕ್ಕೆ ಮೊದಲು ನಾವು ಮಲಗಲಿರುವ ನೆಲ ಎಂತಹುದೆಂದು ಕೇಳಿಕೊಂಡು ಆರಿಸಬೇಕೆಂಬುದನ್ನೂ ಸಾಮಾನ್ಯ ಓದುಗರಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಕರಾವಳಿಯಲ್ಲಿ ಬೆಳೆದವನಿಗೆ ನೆಲದ ತಂಪು ಒಂದು ವರ. ಏಪ್ರಿಲ್ ತಿಂಗಳ ಮಧ್ಯಾಹ್ನ, ಮೈಯೆಲ್ಲ ಬೆವರಿನಿಂದ ತೊಯ್ದಿರುವಾಗ, ಮುಂಡುಗದ ಓಲೆಯ ಚಾಪೆಯನ್ನು ಕಾವಿಯ ನೆಲದ ಮೇಲೆ ಹಾಸಿ ಮೈಚಾಚಿದರೆ ದೊರೆಯುವ ಉಪಶಮನವನ್ನು ಆತ ಬಾಲ್ಯದಿಂದಲೂ ಬಲ್ಲ. ಚಾಪೆಯು ದೇಹದ ಉಷ್ಣವನ್ನು ತಡೆಯದೆ ನೆಲಕ್ಕೆ ಒಪ್ಪಿಸುವುದರಿಂದಲೇ ಆ ಸುಖವು ಉಂಟಾಗುವುದು. ಇದೇ ಗುಣವು ಕುವೈತಿನ ಜನವರಿಯ ರಾತ್ರಿಯಲ್ಲಿ ವೈರಿಯಾಗುತ್ತದೆ. ಬೇಸಗೆಯಲ್ಲಿ ಲೋಕದ ಅತ್ಯುಷ್ಣ ಸ್ಥಳಗಳಲ್ಲೊಂದಾಗುವ ಆ ನಾಡು ಚಳಿಗಾಲದ ಇರುಳಿನಲ್ಲಿ ಹತ್ತು ಡಿಗ್ರಿಗೂ ಕೆಳಗಿಳಿಯುವುದು ಸಾಮಾನ್ಯ. ಊರಿನಿಂದ ದೂರದ ಬಯಲಿನಲ್ಲಿ ಒಮ್ಮೊಮ್ಮೆ ಘನೀಭವನದ ಬಿಂದುವಿನ ಸಮೀಪಕ್ಕೂ ಹೋಗುತ್ತದೆ. ಮೋಡವಿಲ್ಲದ ಆಕಾಶಕ್ಕೆ ಒಣ ಮರಳು ತನ್ನ ಹಗಲಿನ ಕಾವನ್ನೆಲ್ಲ ಶೀಘ್ರವಾಗಿ ಬಿಟ್ಟುಕೊಡುವುದರಿಂದ, ಸಂಜೆ ಬರಿಗಾಲಿಗೆ ಹಿತವಾಗಿದ್ದ ನೆಲವೇ ನಡುರಾತ್ರಿಯ ವೇಳೆಗೆ ಕೊರೆಯತೊಡಗುತ್ತದೆ.

ಇಂತಹ ನೆಲದ ಮೇಲೆ ಮಲಗಿದವನಿಗೆ ಎಷ್ಟೇ ದಪ್ಪನಾದ ಹೊದಿಕೆಯಿದ್ದರೂ ಬೆನ್ನಿನ ಚಳಿ ಬಿಡದು. ಹೊದಿಕೆಯು ತಾನಾಗಿ ಶಾಖವನ್ನು ಉತ್ಪಾದಿಸುವ ವಸ್ತುವಲ್ಲ. ತನ್ನ ಎಳೆಗಳ ನಡುವೆ ಗಾಳಿಯನ್ನು ನಿಶ್ಚಲವಾಗಿ ಹಿಡಿದಿಟ್ಟುಕೊಂಡು, ನಮ್ಮ ದೇಹದ ಶಾಖವೇ ಹೊರಗೆ ಹೋಗದಂತೆ ಅದು ತಡೆಯುತ್ತದೆ. ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿದಾಗ ಅದರ ಮೇಲ್ಭಾಗವು ಉಬ್ಬಿ ನಿಂತು ಗಾಳಿಯನ್ನು ಧರಿಸಿಕೊಂಡಿರುವುದಾದರೂ, ಕೆಳಭಾಗವು ನಮ್ಮ ಭಾರಕ್ಕೆ ಸಿಕ್ಕಿ ಚಪ್ಪಟೆಯಾಗಿ, ಒಳಗಿನ ಗಾಳಿಯನ್ನೆಲ್ಲ ಕಳೆದುಕೊಂಡು, ಬರಿಯ ಎರಡು ಪದರ ಬಟ್ಟೆಯ ಯೋಗ್ಯತೆಗೆ ಇಳಿದುಬಿಡುತ್ತದೆ. ಆ ಭಾಗದಲ್ಲಿ ದೇಹಕ್ಕೂ ಭೂಮಿಗೂ ನಡುವೆ ನಿಲ್ಲಬಲ್ಲದ್ದು ಹಾಸೊಂದೇ. ಬೆಲೆಬಾಳುವ ಸ್ಲೀಪಿಂಗ್ ಬ್ಯಾಗು ಕೊಂಡು ತೆಳ್ಳನೆಯ ಚಾಪೆಯ ಮೇಲೆ ಮಲಗಿದವನಿಗಿಂತ, ಸಾಧಾರಣವಾದ ರಜಾಯಿ ಹೊದ್ದು ಒಳ್ಳೆಯ ಹಾಸಿನ ಮೇಲೆ ಮಲಗಿದವನು ಹೆಚ್ಚು ಬೆಚ್ಚಗಿರುತ್ತಾನೆ.

ಈ ತತ್ತ್ವವನ್ನು ಭೌತಶಾಸ್ತ್ರದ ನೆರವಿಲ್ಲದೆಯೇ ಕಂಡುಕೊಂಡವರು ನಮ್ಮ ಬಯಲುಸೀಮೆಯ ಕುರಿಗಾಹಿಗಳು. ಗೊಬ್ಬರಕ್ಕಾಗಿ ರೈತರ ಹೊಲಗಳಲ್ಲಿ ಮಂದೆಯನ್ನು ತಂಗಿಸುತ್ತ, ಊರಿಂದೂರಿಗೆ ತಿಂಗಳುಗಟ್ಟಲೆ ನಡೆಯುವ ಕುರುಬರಿಗೆ ಮನೆಯೆಂದರೂ ಹಾಸಿಗೆಯೆಂದರೂ ಕಂಬಳಿಯೇ. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಮಗ್ಗದಲ್ಲಿ ನೆಯ್ದು, ಹುಣಸೆಬೀಜದ ಗಂಜಿಯನ್ನು ಸವರಿ ಬಿಗಿಮಾಡಿದ ಆ ಕರಿಯ ವಸ್ತ್ರವು ಮಾಗಿಯ ಇಬ್ಬನಿಯನ್ನೂ ಸಣ್ಣ ಮಳೆಯನ್ನೂ ತಡೆದುಕೊಳ್ಳುವುದಲ್ಲದೆ, ಸ್ವಲ್ಪ ನೆನೆದ ಮೇಲೂ ಬೆಚ್ಚಗಿರುತ್ತದೆ. ಉಣ್ಣೆಯ ಎಳೆಗಳು ಸಹಜವಾಗಿ ಗುಂಗುರು ಗುಂಗುರಾಗಿರುವುದರಿಂದ, ಮೇಲೆ ಭಾರ ಬಿದ್ದರೂ ಅವು ಸಂಪೂರ್ಣ ನೆಲಕಚ್ಚದೆ ತಮ್ಮ ನಡುವಿನ ಗಾಳಿಯನ್ನು ಉಳಿಸಿಕೊಳ್ಳುತ್ತವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯು ಇಂತಹ ಕಂಬಳಿಗಳ ವ್ಯಾಪಾರಕ್ಕೆ ಹೆಸರಾದುದು. ಒಂದನ್ನು ಹಾಸಿ ಇನ್ನೊಂದನ್ನು ಹೊದೆಯಬೇಕೆಂಬುದನ್ನು, ಮತ್ತು ಎರಡರಲ್ಲಿ ದಪ್ಪನಾದುದನ್ನು ಹಾಸುವುದೇ ಲೇಸೆಂಬುದನ್ನು, ಹೊಲದಲ್ಲಿ ಮಲಗಿ ಬಲ್ಲವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅರಬ್ಬೀ ಮರಳುಗಾಡಿನ ಬೆದೂಯಿನರು ಇದೇ ಸಮಸ್ಯೆಗೆ ಕಂಡುಕೊಂಡ ಪರಿಹಾರವು ಆಶ್ಚರ್ಯವೆನಿಸುವಷ್ಟು ಸದೃಶವಾದುದು. ಅವರ ಸ್ತ್ರೀಯರು ನೆಲಮಟ್ಟದ ಮಗ್ಗದಲ್ಲಿ ಕುರಿಯ ಉಣ್ಣೆ, ಮೇಕೆಯ ಕೂದಲು, ಒಂಟೆಯ ರೋಮಗಳಿಂದ ನೆಯ್ಯುವ ಸದು ಎಂಬ ಬಟ್ಟೆಯು ಗುಡಾರದ ಗೋಡೆಯೂ ಆಗುತ್ತದೆ, ನೆಲದ ಹಾಸೂ ಆಗುತ್ತದೆ. ಮೇಕೆಯ ಕೂದಲಿನ ಎಳೆಗಳು ಮಳೆಹನಿ ಸೋಂಕಿದೊಡನೆ ಉಬ್ಬಿ ನೆಯ್ಗೆಯ ರಂಧ್ರಗಳನ್ನು ತಾವೇ ಮುಚ್ಚುತ್ತವೆ. ಕುವೈತ್ ನಗರದ ಸದು ಭವನವು 1979ರಿಂದ ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದಿದೆ. ಸೌದಿ ಅರೇಬಿಯಾ ಮತ್ತು ಕುವೈತ್‌ಗಳ ಸದು ನೆಯ್ಗೆಯು 2020ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. 1929ರಿಂದ 1936ರವರೆಗೆ ಕುವೈತಿನಲ್ಲಿ ಬ್ರಿಟಿಷ್ ರಾಜಕೀಯ ಪ್ರತಿನಿಧಿಯಾಗಿದ್ದ ಡಿಕ್ಸನ್ ಎಂಬ ಅಧಿಕಾರಿಯು 1949ರಲ್ಲಿ ಪ್ರಕಟಿಸಿದ ಮರಳುಗಾಡಿನ ಅರಬ್ಬರನ್ನು ಕುರಿತ ಬೃಹದ್ಗ್ರಂಥದಲ್ಲಿ ಗುಡಾರವಾಸದ ವಿವರಗಳನ್ನು ಬಹಳ ಆದರದಿಂದ ದಾಖಲಿಸಿದ್ದಾನೆ.

ಕಂಬಳಿಗೂ ಸದುವಿಗೂ ಇರುವ ದೋಷ ಒಂದೇ, ತೂಕ. ಒಳ್ಳೆಯ ಕಂಬಳಿಯೊಂದು ಎರಡು ಕಿಲೋಗಳಿಗೂ ಮೀರಿ ತೂಗಬಲ್ಲದು. ಒಂಟೆಯ ಬೆನ್ನಿಗೆ ಅದು ಹೊರೆಯಲ್ಲ. ತನ್ನ ಬೆನ್ನಿನ ಮೇಲೆ ಊಟ, ನೀರು, ವಸತಿಗಳನ್ನೆಲ್ಲ ಹೊತ್ತು ಬೆಟ್ಟವೇರುವ ಚಾರಣಿಗನಿಗೆ ಹೊರೆಯೇ. ಆಧುನಿಕ ಹಾಸುಗಳೆಲ್ಲವೂ, ನಿಶ್ಚಲವಾದ ಗಾಳಿಯನ್ನು ಆದಷ್ಟು ಕಡಿಮೆ ತೂಕದ ವಸ್ತುವಿನೊಳಗೆ ಬಂಧಿಸುವುದು ಹೇಗೆಂಬ ಒಂದೇ ಪ್ರಶ್ನೆಗೆ ದೊರೆತ ಬೇರೆ ಬೇರೆ ಉತ್ತರಗಳು.

ಅವುಗಳಲ್ಲಿ ಅತ್ಯಂತ ಸರಳವಾದುದು ಫೋಮ್ ಮ್ಯಾಟ್, ಎಂದರೆ ಮುಚ್ಚಿದ ಕೋಶಗಳ ಫೋಮಿನ ಹಾಸು. ಪಾಲಿಎಥಿಲೀನ್ ಅಥವಾ ಅದರ ಸಂಬಂಧಿಯಾದ ಪ್ಲಾಸ್ಟಿಕ್ಕನ್ನು ಉಬ್ಬಿಸಿ ಮಾಡಿದ ಈ ಹಾಸಿನೊಳಗಿನ ಗಾಳಿಯ ಕೋಶಗಳು, ದಾಳಿಂಬೆಯ ಕಾಳುಗಳಂತೆ, ಒಂದೊಂದೂ ತನ್ನ ತನ್ನ ಸಿಪ್ಪೆಯೊಳಗೆ ಪ್ರತ್ಯೇಕವಾಗಿ ಮುಚ್ಚಿಕೊಂಡಿರುತ್ತವೆ; ಆದುದರಿಂದ ಅದು ನೀರನ್ನು ಹೀರುವುದಿಲ್ಲ, ಮುಳ್ಳು ಚುಚ್ಚಿದರೆ ಚುಚ್ಚಿದ ಜಾಗದ ಹೊರತು ಬೇರೇನೂ ಕೆಡುವುದಿಲ್ಲ. ಸುಮಾರು ಎರಡು ಸೆಂಟಿಮೀಟರ್ ದಪ್ಪದ, ಪೂರ್ಣ ಉದ್ದದ ಹಾಸೊಂದು ನಾಲ್ಕುನೂರು ಗ್ರಾಮಿನ ಆಸುಪಾಸಿನಲ್ಲಿ ದೊರೆಯುತ್ತದೆ. ಸುರುಳಿ ಸುತ್ತಿದರೂ ಮಡಿಸಿದರೂ ಗಾತ್ರ ದೊಡ್ಡದಾಗಿಯೇ ಉಳಿಯುವುದು, ಮತ್ತು ಪಕ್ಕಕ್ಕೆ ಮಲಗುವವರ ಸೊಂಟಕ್ಕೂ ಭುಜಕ್ಕೂ ಗಟ್ಟಿಯೆನಿಸುವುದು ಇದರ ಕೊರತೆಗಳು.

ಎರಡನೆಯದು ತಾನೇ ಗಾಳಿ ತುಂಬಿಕೊಳ್ಳುವ ಹಾಸು. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದ ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಜಿಮ್ ಲೀ ಮತ್ತು ನೀಲ್ ಆಂಡರ್ಸನ್ ಎಂಬ ಇಂಜಿನಿಯರುಗಳು, ಜಾನ್ ಬರೋಸ್ ಎಂಬ ಪರ್ವತಾರೋಹಿ ಮಿತ್ರನೊಡನೆ ಸೇರಿ, ಇದನ್ನು ರೂಪಿಸಿದರು. ತೋಟದ ಕೆಲಸದಲ್ಲಿ ಮೊಣಕಾಲಿನ ಕೆಳಗೆ ಇಟ್ಟುಕೊಂಡಿದ್ದ ಸ್ಪಂಜಿನ ದಿಂಬಿನಿಂದ ಗಾಳಿ ಹೊರಬೀಳುವುದನ್ನು ಗಮನಿಸಿ, ಆ ಗಾಳಿಯನ್ನು ಒಳಗೇ ತಡೆದರೇನಾದೀತೆಂಬ ಯೋಚನೆ ಹುಟ್ಟಿತೆಂದು ಹೇಳುತ್ತಾರೆ. ಗಾಳಿಯಾಡದ ಬಟ್ಟೆಯೊಳಗೆ ಸ್ಪಂಜನ್ನು ಅಂಟಿಸಿ ಒಂದು ಕವಾಟವನ್ನಿಟ್ಟರೆ, ಕವಾಟ ತೆರೆದಾಗ ಸ್ಪಂಜು ಹಿಗ್ಗುತ್ತ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಮುಚ್ಚಿದಾಗ ಆ ಗಾಳಿಯು ನಮ್ಮ ಭಾರವನ್ನು ಹೊರುತ್ತದೆ. ಥರ್ಮಾರೆಸ್ಟ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಹಾಸನ್ನು ತಯಾರಿಸಲು ಅವರು 1972ರಲ್ಲಿ ಕ್ಯಾಸ್ಕೇಡ್ ಡಿಸೈನ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಸುಖದಲ್ಲಿ ಇದು ಫೋಮ್ ಮ್ಯಾಟಿಗಿಂತ ಬಹಳ ಮೇಲು, ತೂಕದಲ್ಲಿಯೂ ಭಾರ.

ಮೂರನೆಯದು ಒಳಗೆ ಸ್ಪಂಜಿಲ್ಲದೆ, ಬಾಯಿಂದಾಗಲಿ ಊದುಚೀಲದಿಂದಾಗಲಿ ಉಬ್ಬಿಸುವ ಗಾಳಿಹಾಸು. ಬರಿಯ ಗಾಳಿ ತುಂಬಿದ ಹಳೆಯ ರಬ್ಬರು ಹಾಸಿಗೆಗಳು ಮೆತ್ತಗಿದ್ದರೂ ಚಳಿಯನ್ನು ತಡೆಯುತ್ತಿರಲಿಲ್ಲ. ವಿಶಾಲವಾದ ಕೋಣೆಯೊಳಗೆ ಗಾಳಿಯು ನಿಶ್ಚಲವಾಗಿ ನಿಲ್ಲದೆ, ಮೇಲಿನ ಕಾವನ್ನು ಕೆಳಗಿನ ತಣ್ಣನೆಯ ನೆಲಕ್ಕೆ ಸಾಗಿಸುತ್ತ ಸುಳಿದಾಡುತ್ತಿದ್ದುದೇ ಇದಕ್ಕೆ ಕಾರಣ. 2009ರಲ್ಲಿ ಬಂದ ನಿಯೋಏರ್ ಎಂಬ ಹಾಸು ಒಳಗಿನ ಅವಕಾಶವನ್ನು ಸಣ್ಣ ಸಣ್ಣ ತ್ರಿಕೋನದ ಕೋಣೆಗಳಾಗಿ ವಿಭಾಗಿಸಿ, ನಡುವೆ ಶಾಖವನ್ನು ಪ್ರತಿಫಲಿಸುವ ತೆಳುಪೊರೆಯನ್ನು ಇಟ್ಟು, ಈ ದೋಷವನ್ನು ನೀಗಿತು. ಈಗ ನಾಲ್ಕುನೂರು ಗ್ರಾಮಿಗೂ ಕಡಿಮೆ ತೂಗುವ, ಏಳು ಸೆಂಟಿಮೀಟರ್ ದಪ್ಪಕ್ಕೆ ಉಬ್ಬುವ, ಮಡಿಸಿದರೆ ನೀರಿನ ಬಾಟಲಿಯಷ್ಟಾಗುವ ಹಾಸುಗಳು ಉಂಟು. ಬೆಲೆ ಮಾತ್ರ ಹಗುರವಾದುದಲ್ಲ.

ಚಳಿಯನ್ನು ತಡೆಯುವ ಶಕ್ತಿಯನ್ನು ಅಳೆಯುವ ಮಾನಕ್ಕೆ ಆರ್ ಮೌಲ್ಯವೆಂದು ಹೆಸರು. ಹಿಂದೆ ಪ್ರತಿಯೊಬ್ಬ ತಯಾರಕನೂ ತನಗೆ ತೋಚಿದಂತೆ ಅಳೆದು ತನಗೆ ಹಿತವಾದ ಸಂಖ್ಯೆಯನ್ನು ಅಚ್ಚು ಹಾಕಿಸುತ್ತಿದ್ದನು. ಅಮೆರಿಕದ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯು 2018ರಲ್ಲಿ ಎಫ್ 3340 ಎಂಬ ಮಾನಕವನ್ನು ರಚಿಸಿ, ಒಂದು ಬಿಸಿ ಫಲಕಕ್ಕೂ ಒಂದು ತಣ್ಣನೆಯ ಫಲಕಕ್ಕೂ ನಡುವೆ ಹಾಸನ್ನು ನಿಗದಿಯಾದ ಒತ್ತಡದಲ್ಲಿಟ್ಟು ಪರೀಕ್ಷಿಸುವ ಏಕರೂಪದ ವಿಧಾನವನ್ನು ಗೊತ್ತುಮಾಡಿದ ತರುವಾಯ, 2020ರಿಂದೀಚೆಗೆ ಪ್ರಮುಖ ತಯಾರಕರ ಸಂಖ್ಯೆಗಳನ್ನು ಪರಸ್ಪರ ಹೋಲಿಸುವುದು ಸಾಧ್ಯವಾಗಿದೆ. ಸ್ಥೂಲವಾಗಿ ಹೇಳುವುದಾದರೆ, ಎರಡಕ್ಕಿಂತ ಕಡಿಮೆಯಾದುದು ಸೆಖೆಗಾಲಕ್ಕೆ. ಎರಡರಿಂದ ನಾಲ್ಕರವರೆಗಿನದು ತಂಪಾದ ರಾತ್ರಿಗಳಿಗೆ. ಅದಕ್ಕೂ ಮೇಲಿನದು ಕಡುಚಳಿಗೆ. ಐದೂವರೆಯ ಆಚೆಗಿನದು ಹಿಮದ ಮೇಲಿನ ಶಯನಕ್ಕೆ. ಒಂದರ ಮೇಲೊಂದು ಎರಡು ಹಾಸುಗಳನ್ನಿಟ್ಟರೆ ಅವುಗಳ ಮೌಲ್ಯಗಳು ಕೂಡಿಕೊಳ್ಳುತ್ತವೆಂಬುದು ಬಡವನಿಗೂ ಧನಿಕನಿಗೂ ಸಮಾನವಾಗಿ ಉಪಕಾರವಾಗುವ ಸಂಗತಿ. ಎರಡರ ಫೋಮಿನ ಮೇಲೆ ಮೂರರ ಗಾಳಿಹಾಸನ್ನಿಟ್ಟರೆ ಐದಾಗುತ್ತದೆ.

ಈಗ ಕುವೈತಿನ ನೆಲದ ವಿಚಾರಕ್ಕೆ ಬರೋಣ. ಮರಳುಗಾಡೆಂದೊಡನೆ ಮೃದುವಾದ ಮರಳಿನ ದಿಬ್ಬಗಳು ಮನಸ್ಸಿಗೆ ಬರುವುದು ಸಹಜವಷ್ಟೆ. ಆದರೆ ಆ ದೇಶದ ಬಯಲಿನ ಬಹುಭಾಗವು ಗರಸು ಮತ್ತು ಗಟ್ಟಿಯಾದ ಮಣ್ಣು. ಅಲ್ಲಿ ಅರ್ಫಜ್ ಎಂಬ ಕುರುಚಲು ಗಿಡ ಬೆಳೆಯುತ್ತದೆ. ವಸಂತದಲ್ಲಿ ಹಳದಿ ಹೂ ಬಿಟ್ಟು ಬಯಲನ್ನು ಬೆಳಗಿಸುವ ಅದು ಕುವೈತಿನ ರಾಷ್ಟ್ರಪುಷ್ಪ. ಮೇಲೆ ಹೇಳಿದ ಡಿಕ್ಸನನ ಪತ್ನಿ ವಯೊಲೆಟ್ ಡಿಕ್ಸನ್ 1955ರಲ್ಲಿ ಕುವೈತ್ ಮತ್ತು ಬಹ್ರೇನಿನ ಕಾಡುಹೂಗಳನ್ನು ಕುರಿತು ಪುಸ್ತಕ ಬರೆದವಳು. ಅಲ್ಲಿಯ ಒಂದು ನೇರಿಳೆ ಹೂವಿನ ಸಸ್ಯಕ್ಕೆ ಸಸ್ಯಶಾಸ್ತ್ರಜ್ಞರು ಅವಳ ಹೆಸರನ್ನೇ ಇಟ್ಟಿದ್ದಾರೆ. ಹೂವಿನ ಕಾಲದಲ್ಲಿ ಕಣ್ಣಿಗೆ ಹಬ್ಬವಾಗುವ ಇಂತಹ ಕುರುಚಲುಗಳ ಒಣಕಡ್ಡಿಗಳು ಗಾಳಿಹಾಸಿನ ತೆಳುಬಟ್ಟೆಗೆ ಸೂಜಿಯಾಗುತ್ತವೆ. ಚುಚ್ಚಿದ ಗಾಳಿಹಾಸು ನಡುರಾತ್ರಿಯಲ್ಲಿ ಹಾಸೇ ಅಲ್ಲ. ಆದುದರಿಂದ ಮೊದಲ ಬಾರಿ ಕೊಳ್ಳುವವರಿಗೆ ನನ್ನ ಸಲಹೆ ನಿಸ್ಸಂದಿಗ್ಧವಾದುದು: ಮೊದಲು ತಲೆಗೊಂದು ಫೋಮ್ ಮ್ಯಾಟು ಬರಲಿ, ಬಯಲಿನ ರುಚಿ ಹತ್ತಿದ ಮೇಲೆ ಅದರ ಮೇಲಿಡಲು ಗಾಳಿಹಾಸು ಬರಲಿ. ಕೆಳಗಿನ ಫೋಮು ಮೇಲಿನದನ್ನು ಮುಳ್ಳಿನಿಂದ ಕಾಯುತ್ತದೆ, ಚಳಿಯನ್ನೂ ತಡೆಯುತ್ತದೆ, ಮೇಲಿನದು ಕೈಕೊಟ್ಟ ದಿನ ತಾನೊಂದೇ ರಾತ್ರಿಯನ್ನು ನಡೆಸಿಕೊಡುತ್ತದೆ.

ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ, ಒಂದು ಬದಿಗೆ ಬೆಳ್ಳಿಯಂತೆ ಹೊಳೆಯುವ ತೆಳುಹಾಸುಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅಲ್ಯೂಮಿನಿಯಮ್ಮಿನ ಹೊಳಪು ಶಾಖವನ್ನು ಪ್ರತಿಫಲಿಸುವುದು ನಿಜ. ಆದರೆ ಅದರ ಮುಂದೆ ಗಾಳಿಯ ತೆರವಿದ್ದಾಗ ಮಾತ್ರ. ನೆಲಕ್ಕೋ ಮೈಗೋ ನೇರವಾಗಿ ಅಂಟಿಕೊಂಡ ಹೊಳಪಿನಿಂದ ಆ ಪ್ರಯೋಜನ ಸಿಗದು. ಚಳಿಯನ್ನು ತಡೆಯುವುದು ಅದರ ಹಿಂದಿನ ಕೆಲವೇ ಮಿಲಿಮೀಟರ್ ಫೋಮು ಮಾತ್ರ. ಗುಡಾರದ ಕೆಳಗೆ ಹಾಸಲು, ಬುತ್ತಿ ಬಿಚ್ಚಿ ಕೂರಲು ಅವು ಚೆನ್ನ. ಮನೆಬಳಕೆಯ ಸ್ಪಂಜಿನ ಹಾಸಿಗೆಯನ್ನು ಕಾರಿನಲ್ಲಿ ಒಯ್ಯುವವರೂ ಇದ್ದಾರೆ. ತೂಕದ ಚಿಂತೆಯಿಲ್ಲದಲ್ಲಿ ಅದು ತಪ್ಪಲ್ಲ, ಆದರೆ ಚಳಿಗಾಲದ ಇಬ್ಬನಿಯನ್ನೂ ನೆಲದ ತೇವವನ್ನೂ ಅದು ಹೀರಿಕೊಳ್ಳುವುದರಿಂದ ಕೆಳಗೆ ಟಾರ್ಪಾಲು ಇಲ್ಲದೆ ಹಾಸಬಾರದು.

ಗಾಳಿಹಾಸನ್ನು ಬಳಸುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಸಂಜೆ ಇಪ್ಪತ್ತೈದು ಡಿಗ್ರಿಯ ಹೊತ್ತಿನಲ್ಲಿ ಬಿಗಿಯಾಗಿ ತುಂಬಿದ ಗಾಳಿಯು ಬೆಳಗಿನ ಜಾವದ ಐದು ಡಿಗ್ರಿಗೆ ಇಳಿದಾಗ ಸುಮಾರು ಹದಿನೈದರಲ್ಲಿ ಒಂದು ಪಾಲು ಕುಗ್ಗುತ್ತದೆ; ಹಾಸು ಮೆತ್ತಗಾದುದನ್ನು ಕಂಡು ತೂತು ಬಿದ್ದಿತೆಂದು ಗಾಬರಿಪಡುವವರು ಅನೇಕರು. ಮಲಗುವ ಮುನ್ನ, ನೆಲ ತಣ್ಣಗಾದ ಮೇಲೆ, ಇನ್ನೆರಡು ಉಸಿರು ತುಂಬಿದರೆ ಸಾಕು. ಇದಕ್ಕೆ ವಿರುದ್ಧವಾಗಿ, ಬೆಳಗ್ಗೆ ತುಂಬಿದ ಹಾಸನ್ನೇ ಗುಡಾರದಲ್ಲಿ ಬಿಟ್ಟು ಸುತ್ತಾಡಲು ಹೋದರೆ, ಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಅಂಟಿನ ಜೋಡಣೆಯನ್ನೇ ಹರಿದುಬಿಡಬಹುದು. ಬಾಯಿಂದ ಊದಿದರೆ ಉಸಿರಿನ ತೇವವು ಒಳಗೆ ಸೇರಿ ಬೂಷ್ಟು ಬೆಳೆಯುವ ಸಂಭವವಿರುವುದರಿಂದ, ಊದುಚೀಲವೇ ಉತ್ತಮ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕಾಗಿದೆ. ಕೆಳಗಿನಿಂದ ಏರುವ ಚಳಿಯನ್ನು ತಾಳಲಾರದೆ, ಉರಿಯುವ ಇದ್ದಿಲಿನ ಒಲೆಯನ್ನು ಗುಡಾರದೊಳಕ್ಕೆ ತಂದು, ಬಾಗಿಲು ಮುಚ್ಚಿ ಮಲಗುವವರಿದ್ದಾರೆ. ಇದ್ದಿಲಿನ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುತ್ತಿರುವವನನ್ನು ಎಚ್ಚರಗೊಳಿಸದೆಯೇ ಅದು ಕೊಲ್ಲುತ್ತದೆ. ಒಳ್ಳೆಯ ಹಾಸಿದ್ದವನಿಗೆ ಆ ಒಲೆಯ ಆಸೆಯೇ ಹುಟ್ಟುವುದಿಲ್ಲ. ಹಾಸಿನ ಖರ್ಚನ್ನು ದುಂದುವೆಚ್ಚವೆಂದು ಭಾವಿಸುವ ಗೃಹಸ್ಥರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಕ್ಕಳ ವಿಷಯದಲ್ಲಂತೂ, ಹಿರಿಯರು ಒಳ್ಳೆಯ ಹಾಸುಗಳನ್ನು ಹಂಚಿಕೊಂಡ ಮೇಲೆ ಉಳಿದದ್ದು ಅವರಿಗೆಂಬ ರೂಢಿ ನನಗೆ ಬಹಳ ನೋವು ಕೊಡುತ್ತದೆ. ಸಣ್ಣ ದೇಹವು ದೊಡ್ಡ ದೇಹಕ್ಕಿಂತ ಬೇಗನೆ ಶಾಖವನ್ನು ಕಳೆದುಕೊಳ್ಳುತ್ತದೆಯಾದ್ದರಿಂದ, ಅತ್ಯಂತ ಬೆಚ್ಚನೆಯ ಹಾಸು ಸಲ್ಲಬೇಕಾದುದು ಅವರಿಗೇ.

ಅಂಗಡಿಯಲ್ಲಿ ಹಾಸನ್ನು ಬೆರಳಿನಿಂದ ಒತ್ತಿ ನೋಡಿ ಕೊಳ್ಳುವುದು ವ್ಯರ್ಥ. ಸಂಕೋಚವನ್ನು ಬದಿಗಿಟ್ಟು ಅದರ ಮೇಲೆ ಮಲಗಿಯೇ ನೋಡಬೇಕು. ಪಕ್ಕಕ್ಕೆ ಹೊರಳಿ ಮಲಗಿದಾಗ ಸೊಂಟದ ಮೂಳೆ ನೆಲವನ್ನು ಮುಟ್ಟುತ್ತದೆಯೆ ಎಂಬುದೇ ಮುಖ್ಯ ಪರೀಕ್ಷೆ. ಸಾಮಾನ್ಯ ಹಾಸಿನ ಉದ್ದ ನೂರ ಎಂಬತ್ತಮೂರು ಸೆಂಟಿಮೀಟರ್, ಅಗಲ ಐವತ್ತೊಂದು. ಭುಜ ಅಗಲವಾಗಿರುವವರಿಗೂ ನಿದ್ರೆಯಲ್ಲಿ ಹೊರಳಾಡುವವರಿಗೂ ಅರವತ್ತನಾಲ್ಕು ಸೆಂಟಿಮೀಟರಿನದು ಅವಶ್ಯ. ಅಂಗಾತ ಮಲಗುವ ಯುವಕನಿಗೆ ಎರಡು ಸೆಂಟಿಮೀಟರ್ ಫೋಮು ಸಾಲುತ್ತದೆ. ಪಕ್ಕಕ್ಕೆ ಮಲಗುವ ಮಧ್ಯವಯಸ್ಕರಿಗೆ ಆರೇಳು ಸೆಂಟಿಮೀಟರಿನ ದಪ್ಪ ಬೇಕು. ಮೊಣಕಾಲಿನ ನೋವಿರುವ ಹಿರಿಯರಿಗೆ ನೆಲದಿಂದ ಏಳುವುದೇ ಕಷ್ಟವಾದ್ದರಿಂದ ಮಡಿಸುವ ಮಂಚ ಸರಿ. ಆದರೆ ಮಂಚದ ಕೆಳಗೂ ತಣ್ಣನೆಯ ಗಾಳಿ ಸುಳಿಯುವುದರಿಂದ ಅದರ ಮೇಲೂ ಒಂದು ಫೋಮ್ ಮ್ಯಾಟು ಇರಲೇಬೇಕು.

ಕಾರು ಗುಡಾರದ ಬಾಗಿಲಿನವರೆಗೂ ಹೋಗುವ ಕುವೈತಿನಲ್ಲಿ ತೂಕದ ಗೊಡವೆ ಏತಕ್ಕೆಂದು ಕೇಳಬಹುದು. ರಜೆಗೆ ಊರಿಗೆ ಬಂದವರು ಅದೇ ಹಾಸನ್ನು ಬೆನ್ನಿಗೆ ಕಟ್ಟಿಕೊಂಡು ಚಾರಣಕ್ಕೆ ಹೊರಟಾಗ ಇದರ ಉತ್ತರ ದೊರೆಯುತ್ತದೆ. 1712 ಮೀಟರ್ ಎತ್ತರದ ಕುಮಾರಪರ್ವತದ ಏರಿನಲ್ಲಿ ನೂರು ನೂರು ಗ್ರಾಮೂ ತನ್ನ ಇರವನ್ನು ತಿಳಿಸುತ್ತದೆ. ಅರಣ್ಯ ಇಲಾಖೆಯ ಅನುಮತಿಯಿದ್ದಲ್ಲಿ ಮಾತ್ರ ತಂಗಬಹುದಾದ ಪಶ್ಚಿಮಘಟ್ಟದಲ್ಲಿ ಮುಖ್ಯ ಶತ್ರು ಚಳಿಯಲ್ಲ, ತೇವ. ಆದ್ದರಿಂದ ಅಲ್ಲಿಯೂ ನೀರು ಹೀರದ ಫೋಮಿಗೇ ನನ್ನ ಮತ. ತೂಕವನ್ನು ಇನ್ನೂ ಇಳಿಸಬೇಕೆನ್ನುವವರು ತಲೆಯಿಂದ ತೊಡೆಯವರೆಗೆ ಬರುವ, ನೂರ ಇಪ್ಪತ್ತು ಸೆಂಟಿಮೀಟರಿನಷ್ಟು ಉದ್ದದ ಅರೆಹಾಸನ್ನು ಒಯ್ದು, ಖಾಲಿಯಾದ ಬೆನ್ನುಚೀಲವನ್ನು ಕಾಲಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಹಿಮಾಲಯಕ್ಕೆ ಹೋಗುವವರಿಗೆ ಮಾತ್ರ ಈ ಮಿತವ್ಯಯ ಸಲ್ಲದು; ಅಲ್ಲಿ ಫೋಮೂ ಗಾಳಿಹಾಸೂ ಎರಡೂ ಇರಲಿ.

ಮಾರ್ಚ್ ಮಧ್ಯದಲ್ಲಿ ಗುಡಾರಗಳನ್ನು ಕಳಚಿದ ಮೇಲೆ ಹಾಸುಗಳನ್ನು ಕಾರಿನ ಡಿಕ್ಕಿಯಲ್ಲೇ ಮರೆತುಬಿಡುವುದು ಕುವೈತಿನಲ್ಲಿ ಅವುಗಳ ಅಕಾಲಮರಣಕ್ಕೆ ಕಾರಣವಾಗುತ್ತದೆ. 2016ರ ಜುಲೈ 21ರಂದು ಮಿತ್ರಿಬಾ ಎಂಬಲ್ಲಿ ನೆರಳಿನ ಉಷ್ಣತೆಯೇ 53.9 ಡಿಗ್ರಿಯಾಗಿದ್ದ ಆ ದೇಶದ ಬೇಸಗೆಯಲ್ಲಿ, ಮುಚ್ಚಿದ ಕಾರಿನೊಳಗೆ ಅಂಟುಗಳು ಸಡಿಲಗೊಂಡು ಪದರಗಳು ಬೇರ್ಪಡುತ್ತವೆ. ಅನಂತರ ಗಾಳಿ ತುಂಬಿದಾಗ ಹಾಸು ಒಂದೆಡೆ ಗುಡ್ಡದಂತೆ ಉಬ್ಬಿಕೊಳ್ಳುವುದು ಇದರಿಂದಲೇ, ಅದಕ್ಕೆ ತೇಪೆಯ ಚಿಕಿತ್ಸೆಯಿಲ್ಲ. ಸಾಬೂನಿನ ನೀರಿನಿಂದ ಒರಸಿ, ಗುಳ್ಳೆ ಏಳುವ ಜಾಗವಿದ್ದರೆ ಗುರುತಿಸಿ ಆಗಲೇ ತೇಪೆ ಹಾಕಿ, ಕವಾಟದ ಸುತ್ತಲ ಮರಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ನೆರಳಿನಲ್ಲಿ ಒಣಗಿಸಬೇಕು. ಸ್ಪಂಜಿರುವ ಹಾಸನ್ನು ಸುರುಳಿ ಸುತ್ತದೆ, ಕವಾಟವನ್ನು ತೆರೆದಿಟ್ಟು, ಮನೆಯೊಳಗೆ ಮಂಚದ ಕೆಳಗೆ ಚಾಚಿ ಇಟ್ಟರೆ ಅದರ ಹಿಗ್ಗುವ ಗುಣ ಅನೇಕ ವರ್ಷಗಳವರೆಗೆ ಉಳಿಯುತ್ತದೆ.